ಮೊದಲು ನೋಡಿದ ಡಾಕ್ಟರು ಏನು ಕಲಿತಿದ್ದರು?

ಐವತ್ತು ವರ್ಷಗಳಲ್ಲಿ ಸ್ತನ ಕ್ಯಾನ್ಸರ್ ಚಿಕಿತ್ಸೆಯ ದಿಕ್ಕೇ ಬದಲಾಗಿದೆ. ಆ ಬದಲಾವಣೆ ಮಹಾನಗರದ ಆಸ್ಪತ್ರೆಗಳನ್ನು ದಾಟಿ ತಾಲ್ಲೂಕಿನ ಕ್ಲಿನಿಕ್ಕಿಗೆ ತಲುಪಿದೆಯೇ? ಎಷ್ಟೋ ಹೆಣ್ಣುಮಕ್ಕಳ ಅಳಿವು ಉಳಿವು ನಿಂತಿರುವುದು ಅಲ್ಲಿ. ಸ್ತನ ಕ್ಯಾನ್ಸರ್ ಜಾಗೃತಿಯ ಅಕ್ಟೋಬರ್ ತಿಂಗಳಲ್ಲಿ ಮಹಿಳೆಯರ ಜಾಗೃತಿಯ ಜೊತೆಗೆ ಡಾಕ್ಟರು, ನರ್ಸು, ಆಶಾ ಕಾರ್ಯಕರ್ತೆಯರ ಓದಿನ ಬಗ್ಗೆಯೂ ಮಾತಾಡೋಣ.

ತಾಲ್ಲೂಕು ಊರೊಂದರ ನರ್ಸಿಂಗ್ ಹೋಮ್. ನಲವತ್ತೆರಡು ವರ್ಷದ ಹೆಂಗಸಿನ ಎಡ ಎದೆಯಿಂದ ಅಡಿಕೆ ಗಾತ್ರದ ಗಂಟನ್ನು ಈಗಷ್ಟೇ ತೆಗೆದಿದ್ದಾರೆ. ಸಿಸ್ಟರ್ ಖಾಲಿ ಡಬ್ಬಿಯೊಂದಕ್ಕೆ ಸಲೈನ್ ಸುರಿದು ಗಂಟನ್ನು ಹಾಕಿ, ಮುಚ್ಚಳದ ಮೇಲೆ ಪ್ಲಾಸ್ಟರ್ ಅಂಟಿಸಿ ಹೆಸರು ಬರೆದರು. ‘ಇದನ್ನ ಜಿಲ್ಲಾ ಕೇಂದ್ರದ ಲ್ಯಾಬಿಗೆ ಕೊಟ್ಟು ಬನ್ನಿ’ ಎಂದು ಗಂಡನ ಕೈಗಿಟ್ಟರು.

ಅವರು ಡಬ್ಬಿಯನ್ನು ಕವರಿಗೆ ಹಾಕಿಕೊಂಡು ಬಸ್ಸು ಹತ್ತಿದರು. ಅಂದು ಶನಿವಾರ. ಜಿಲ್ಲಾ ಕೇಂದ್ರ ಸೇರುವ ಹೊತ್ತಿಗೆ ಲ್ಯಾಬಿನ ಬಾಗಿಲು ಹಾಕಿತ್ತು. ಡಬ್ಬಿ ಪೆಥಾಲಜಿಸ್ಟರ ಮೇಜು ಸೇರಿದ್ದು ಸೋಮವಾರ.

ಹೆಸರು, ಊರು ಬೇಡ. ಇದು ಯಾವ ಜಿಲ್ಲೆಯಲ್ಲಾದರೂ ನಡೆಯಬಹುದಾದ ಸಂಗತಿ. ಇಲ್ಲಿ ಕೆಟ್ಟವರು ಯಾರೂ ಇಲ್ಲ. ಸರ್ಜನ್ ಕೈಚಳಕದವರೇ, ಸಿಸ್ಟರ್ ಕಾಳಜಿಯವರೇ, ಗಂಡ ಹೇಳಿದ್ದನ್ನು ಚಾಚೂ ತಪ್ಪದೆ ಮಾಡಿದವರು. ಆದರೂ ಆ ಎರಡು ದಿನಗಳಲ್ಲಿ ಆಕೆಯ ಮುಂದಿನ ಹತ್ತು ವರ್ಷಗಳ ಚಿಕಿತ್ಸೆ ದಾರಿ ತಪ್ಪಿರಬಹುದು.

ಡಬ್ಬಿಯೊಳಗಿನ ಪಾಠ

ದೇಹದಿಂದ ಹೊರಬಂದ ಗಂಟು ತಕ್ಷಣದಿಂದಲೇ ಕೆಡತೊಡಗುತ್ತದೆ. ಅದನ್ನು ತಡೆಯುವುದು ಫಾರ್ಮಲಿನ್, ಸಲೈನ್ ಅಲ್ಲ. ಶೇ 10ರ ಬಫರ್ಡ್ ಫಾರ್ಮಲಿನ್, ಗಂಟಿಗಿಂತ ಹತ್ತು ಪಟ್ಟು ಹೆಚ್ಚು. ತೆಗೆದ ಒಂದು ಗಂಟೆಯೊಳಗೆ ಅದರಲ್ಲಿ ಮುಳುಗಬೇಕು. 6 ಗಂಟೆಗೆ ಕಡಿಮೆಯಿಲ್ಲದಂತೆ, 72 ಗಂಟೆ ಮೀರದಂತೆ ಅದರಲ್ಲಿರಬೇಕು. ಅಂತರರಾಷ್ಟ್ರೀಯ ಮಾರ್ಗಸೂಚಿಗಳು ಹೇಳುವುದು ಇಷ್ಟೇ. ಖರ್ಚೂ ತೀರಾ ಕಡಿಮೆ.

ಇಷ್ಟು ಕಟ್ಟುನಿಟ್ಟು ಯಾಕೆ? ಗಂಟು ಕ್ಯಾನ್ಸರ್ ಹೌದೋ ಅಲ್ಲವೋ ಎಂಬುದಷ್ಟೇ ಈಗ ಡಾಕ್ಟರಿಗೆ ಸಾಲದು. ಜೀವಕೋಶಗಳಲ್ಲಿ ಈಸ್ಟ್ರೋಜೆನ್ ಗ್ರಾಹಕ (ಇಆರ್) ಇದೆಯೇ, ಪ್ರೊಜೆಸ್ಟೆರಾನ್ ಗ್ರಾಹಕ (ಪಿಆರ್) ಇದೆಯೇ, ಹರ್-2 ಎಂಬ ಪ್ರೋಟೀನು ಅತಿಯಾಗಿದೆಯೇ ಎಂಬ ಮೂರು ಉತ್ತರಗಳ ಮೇಲೆ ಔಷಧಿ ನಿಲ್ಲುತ್ತದೆ. ಕೆಟ್ಟ ತುಣುಕಿನಲ್ಲಿ ಗ್ರಾಹಕ ಇದ್ದೂ ‘ಇಲ್ಲ’ ಎಂದು ವರದಿ ಬರಬಹುದು.

ಹಾಗೆ ಬಂದರೆ ಆಕೆಗೆ ಟ್ಯಾಮಾಕ್ಸಿಫೆನ್ ಸಿಗುವುದಿಲ್ಲ. ಗರ್ಭನಿರೋಧಕವಾಗಬಹುದೆಂದು ತಯಾರಿಸಿ, ಆ ಕೆಲಸಕ್ಕೆ ಬಾರದೆ ಮೂಲೆ ಸೇರಲಿದ್ದ ಈ ಮಾತ್ರೆಯನ್ನು ಕ್ಯಾನ್ಸರಿನತ್ತ ತಿರುಗಿಸಿದ ವಿಜ್ಞಾನಿಗಳಲ್ಲಿ ಮುಖ್ಯರು ಕ್ರೇಗ್ ಜೋರ್ಡನ್. ಈಸ್ಟ್ರೋಜೆನ್ ಗ್ರಾಹಕವಿರುವ ಕ್ಯಾನ್ಸರಿನಲ್ಲಿ ಐದು ವರ್ಷ ಇದನ್ನು ನುಂಗಿದರೆ, ಮುಂದಿನ ಹದಿನೈದು ವರ್ಷಗಳಲ್ಲಿ ಆ ಕ್ಯಾನ್ಸರಿನಿಂದ ಸಾಯುವ ಸಂಭವ ಸುಮಾರು ಮೂರನೇ ಒಂದರಷ್ಟು ಇಳಿಯುತ್ತದೆ. ದಿನಕ್ಕೊಂದು ಅಗ್ಗದ ಮಾತ್ರೆ ಆಕೆಯ ಕೈತಪ್ಪುವುದು ಸಲೈನ್ ಡಬ್ಬಿಯಿಂದ.

ಇನ್ನೊಂದು ತಪ್ಪು ಡಬ್ಬಿಗಿಂತಲೂ ಮೊದಲೇ ಆಗಿತ್ತು. ಸಂಶಯದ ಗಂಟನ್ನು ನೇರವಾಗಿ ಕೊಯ್ದು ತೆಗೆಯುವ ಕಾಲ ಹೋಯಿತು. ಮೊದಲು ಕೈಯಿಂದ ಪರೀಕ್ಷೆ, ಆಮೇಲೆ ಮ್ಯಾಮೊಗ್ರಾಮ್ ಅಥವಾ ಅಲ್ಟ್ರಾಸೌಂಡ್, ಕೊನೆಗೆ ಸ್ಥಳೀಯ ಅರಿವಳಿಕೆ ಕೊಟ್ಟು ದಪ್ಪ ಸೂಜಿಯಿಂದ ಕೋರ್ ಬಯಾಪ್ಸಿ. ವೈದ್ಯರು ‘ಟ್ರಿಪಲ್ ಅಸೆಸ್‌ಮೆಂಟ್’ ಎನ್ನುವುದು ಇದನ್ನೇ. ಯಾವ ಬಗೆಯ ಕ್ಯಾನ್ಸರ್ ಎಂದು ತಿಳಿದ ಮೇಲೆ ಮೊದಲು ಕೀಮೊವೋ ಆಪರೇಷನ್ನೋ ಎಂಬ ತೀರ್ಮಾನ. ಅವಸರದಲ್ಲಿ ಅರ್ಧಂಬರ್ಧ ಕೊಯ್ದರೆ, ಮುಂದೆ ನೋಡುವ ತಜ್ಞರಿಗೆ ಗಂಟು ಎಲ್ಲಿತ್ತು, ಎಷ್ಟು ದೊಡ್ಡದಿತ್ತು ಎಂಬುದೇ ತಿಳಿಯದು.

ಅಂಕಿಗಳಲ್ಲಿ

▪ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ 2022ರ ಅಂದಾಜಿನಂತೆ ಭಾರತದಲ್ಲಿ ವರ್ಷಕ್ಕೆ ಸುಮಾರು 1.92 ಲಕ್ಷ ಹೊಸ ಸ್ತನ ಕ್ಯಾನ್ಸರ್ ಪ್ರಕರಣಗಳು, 98 ಸಾವಿರಕ್ಕೂ ಹೆಚ್ಚು ಸಾವುಗಳು.

▪ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಜಾಗತಿಕ ಸ್ತನ ಕ್ಯಾನ್ಸರ್ ಅಭಿಯಾನ ಆರಂಭಿಸಿತು. ಗುರಿ 60-60-80: ಕನಿಷ್ಠ ಶೇ 60ರಷ್ಟು ಪ್ರಕರಣಗಳು ಮೊದಲೆರಡು ಹಂತಗಳಲ್ಲೇ ಪತ್ತೆ, ಆಸ್ಪತ್ರೆಗೆ ಬಂದ 60 ದಿನಗಳೊಳಗೆ ರೋಗನಿರ್ಣಯ, ಕನಿಷ್ಠ ಶೇ 80 ರೋಗಿಗಳಿಗೆ ಪೂರ್ಣ ಚಿಕಿತ್ಸೆ.

▪ ಭಾರತದ ತಪಾಸಣಾ ಮಾರ್ಗಸೂಚಿ: 30ರಿಂದ 65 ವರ್ಷದ ಮಹಿಳೆಯರಿಗೆ ಐದು ವರ್ಷಕ್ಕೊಮ್ಮೆ ತರಬೇತಿ ಪಡೆದವರಿಂದ ಸ್ತನ ಪರೀಕ್ಷೆ.

ಮರೆಯುವುದೂ ಓದೇ

ವೈದ್ಯರಿಗೆ ಹೊಸದನ್ನು ಕಲಿಯುವುದು ಕಷ್ಟವಲ್ಲ. ಗುರುಗಳಿಂದ ಶ್ರದ್ಧೆಯಿಂದ ಕಲಿತ ಹಳೆಯದನ್ನು ಬಿಡುವುದು ಕಷ್ಟ. ಸ್ತನ ಕ್ಯಾನ್ಸರಿನ ಚರಿತ್ರೆಯೇ ಇದಕ್ಕೆ ಸಾಕ್ಷಿ.

ಅಮೆರಿಕದ ವಿಲಿಯಂ ಹಾಲ್‌ಸ್ಟೆಡ್ 1894ರಲ್ಲಿ ತಮ್ಮ ಶಸ್ತ್ರಚಿಕಿತ್ಸೆಯ ವಿವರ ಪ್ರಕಟಿಸಿದರು. ಇಡೀ ಸ್ತನ, ಅದರಡಿಯ ಎದೆಯ ಸ್ನಾಯು, ಕಂಕುಳಿನ ದುಗ್ಧಗ್ರಂಥಿಗಳು ಎಲ್ಲವನ್ನೂ ತೆಗೆಯುವ ಆಪರೇಷನ್ ಅದು. ಹೆಚ್ಚು ಕೊಯ್ದಷ್ಟೂ ಹೆಚ್ಚು ಬದುಕು ಎಂಬುದು ಅವರ ನಂಬಿಕೆ. ಮುಂದಿನ ಮುಕ್ಕಾಲು ಶತಮಾನ ಜಗತ್ತಿನ ಸರ್ಜನ್‌ಗಳು ಅದನ್ನೇ ನಂಬಿದರು. ಎದೆಗೂಡು ಬತ್ತಿ, ತೋಳು ಊದಿ, ಕೈ ಎತ್ತಲಾಗದೆ ಬದುಕಿದ ಹೆಂಗಸರು ಲೆಕ್ಕವಿಲ್ಲದಷ್ಟು.

ಆ ನಂಬಿಕೆಯನ್ನು ಪ್ರಶ್ನಿಸಿದವರು ಪಿಟ್ಸ್‌ಬರ್ಗ್‌ನ ಬರ್ನಾರ್ಡ್ ಫಿಶರ್. ಸಹೋದ್ಯೋಗಿಗಳ ವಿರೋಧವನ್ನು ಲೆಕ್ಕಿಸದೆ 1970ರ ದಶಕದಲ್ಲಿ ದೊಡ್ಡ ಅಧ್ಯಯನಗಳನ್ನು ನಡೆಸಿದರು. ಅವುಗಳಲ್ಲೊಂದರಲ್ಲಿ 1,851 ಮಹಿಳೆಯರಿದ್ದರು. ಇಟಲಿಯಲ್ಲಿ ಉಂಬರ್ಟೊ ವೆರೊನೇಸಿ 701 ಮಹಿಳೆಯರ ಅಧ್ಯಯನ ಮಾಡಿದರು. ಇಬ್ಬರ 20 ವರ್ಷಗಳ ಫಲಿತಾಂಶವೂ ಪ್ರಕಟವಾದದ್ದು 2002ರಲ್ಲಿ. ಇಬ್ಬರೂ ಕಂಡದ್ದು ಒಂದೇ: ಆರಂಭದ ಹಂತದಲ್ಲಿ ಗಂಟಿರುವ ಭಾಗವನ್ನಷ್ಟೇ ತೆಗೆದು ರೇಡಿಯೇಷನ್ ಕೊಟ್ಟರೂ ಇಡೀ ಸ್ತನ ತೆಗೆದವರಷ್ಟೇ ಕಾಲ ಬದುಕುತ್ತಾರೆ.

ಇಷ್ಟು ವರ್ಷಗಳ ಮೇಲೂ ನಮ್ಮಲ್ಲಿ ಎಷ್ಟೋ ಹೆಂಗಸರಿಗೆ ಆ ಇನ್ನೊಂದು ದಾರಿಯಿದೆ ಎಂದೇ ಯಾರೂ ಹೇಳುವುದಿಲ್ಲ. ‘ಪೂರ್ತಿ ತೆಗೆಸಿಬಿಡಿ, ನಿಶ್ಚಿಂತೆ’ ಎಂಬ ಮಾತು ಕ್ಲಿನಿಕ್ಕಿನಿಂದ ಮನೆಯ ಜಗುಲಿಯವರೆಗೂ ಬೇರೂರಿದೆ. ರೇಡಿಯೇಷನ್ ಸೌಲಭ್ಯ ದೂರ, ರೋಗ ಮುಂದುವರಿದಿದೆ ಎಂಬ ನ್ಯಾಯವಾದ ಕಾರಣಗಳು ಹಲವರಿಗೆ ಇರುತ್ತವೆ. ಆದರೆ ಆಯ್ಕೆ ಆಕೆಯದು. ಅದನ್ನು ಆಕೆಯ ಮುಂದಿಡಬೇಕಾದವರು ಡಾಕ್ಟರು.

ಕಂಕುಳಿನ ಕಥೆಯೂ ಹೀಗೇ. ಮೊದಲು ಅಲ್ಲಿನ ಗ್ರಂಥಿಗಳನ್ನೆಲ್ಲ ಬಾಚಿ ತೆಗೆಯುತ್ತಿದ್ದರು. 1990ರ ದಶಕದಿಂದ ಬಂದದ್ದು ‘ಸೆಂಟಿನೆಲ್’ ವಿಧಾನ. ಸ್ತನಕ್ಕೆ ನೀಲಿ ಬಣ್ಣ ಚುಚ್ಚಿ, ಅದು ಮೊದಲು ಹರಿದು ಸೇರುವ ಒಂದೆರಡು ಗ್ರಂಥಿಗಳನ್ನಷ್ಟೇ ತೆಗೆದು ನೋಡುತ್ತಾರೆ. ಅವು ಶುದ್ಧವಾಗಿದ್ದರೆ ಉಳಿದವನ್ನು ಮುಟ್ಟುವುದಿಲ್ಲ. ನಮ್ಮ ದೇಶದಲ್ಲಿ ಅಗ್ಗದ ಮಿಥಿಲೀನ್ ಬ್ಲೂ ಬಳಸಿಯೇ ಇದನ್ನು ಮಾಡುವವರಿದ್ದಾರೆ. ರೊಟ್ಟಿ ತಟ್ಟುವ, ಕಳೆ ಕೀಳುವ, ಬೀಡಿ ಸುತ್ತುವ ಕೈ ಜೀವನಪೂರ್ತಿ ಊದಿಕೊಳ್ಳದೆ ಉಳಿಯುವುದು ಸಣ್ಣ ಮಾತಲ್ಲ.

ಐದು ವಾರ ಒಂದು ವಾರವಾದಾಗ

ಹಳ್ಳಿಯವರು ರೇಡಿಯೇಷನ್ನಿಗೆ ‘ಕರೆಂಟ್ ಕೊಡೋದು’ ಎನ್ನುತ್ತಾರೆ. ಹಿಂದೆ ಅದು ಐದು ವಾರ, 25 ಸಲ. ದೂರದ ಜಿಲ್ಲೆಯ ಹೆಂಗಸೊಬ್ಬರು ಬೆಂಗಳೂರಿನ ಧರ್ಮಶಾಲೆಯಲ್ಲೋ ಬಾಡಿಗೆ ಕೋಣೆಯಲ್ಲೋ ಅಷ್ಟು ದಿನ ಉಳಿಯಬೇಕು. ಜೊತೆಗಿರುವ ಗಂಡನ ಕೂಲಿ ಹೋಯಿತು, ಮನೆಯಲ್ಲಿ ಮಕ್ಕಳು, ಎಮ್ಮೆ, ಹೊಲ. ನಡುವೆಯೇ ಬಿಟ್ಟು ಊರಿಗೆ ಹೊರಡುವವರನ್ನು ದೂರುವುದು ಹೇಗೆ?

ಬ್ರಿಟನ್ನಿನ ‘ಸ್ಟಾರ್ಟ್’ ಅಧ್ಯಯನಗಳು ಮೂರು ವಾರ, 15 ಸಲ ಸಾಕೆಂದು ತೋರಿಸಿದವು. 2020ರಲ್ಲಿ ಅಲ್ಲಿನದೇ ‘ಫಾಸ್ಟ್ ಫಾರ್ವರ್ಡ್’ ಅಧ್ಯಯನ 4,096 ರೋಗಿಗಳ ಐದು ವರ್ಷದ ಫಲಿತಾಂಶ ಮುಂದಿಟ್ಟಿತು: ಆಯ್ದ ರೋಗಿಗಳಿಗೆ ಒಂದೇ ವಾರದಲ್ಲಿ ಐದು ಸಲ ಕೊಟ್ಟರೂ ರೋಗ ಮರುಕಳಿಸುವುದು ಹೆಚ್ಚಲಿಲ್ಲ. ಇದನ್ನು ಓದಿಕೊಂಡ ರೇಡಿಯೇಷನ್ ತಜ್ಞರು ಒಂದು ಬಡ ಕುಟುಂಬಕ್ಕೆ ನಾಲ್ಕು ವಾರಗಳ ದುಡಿಮೆಯನ್ನು ಉಳಿಸಿಕೊಡಬಲ್ಲರು.

ನಮ್ಮ ನೆಲದ ಪಾಠಗಳು

ಪಾಠ ಬರುವುದು ಪಶ್ಚಿಮದಿಂದ ಮಾತ್ರವಲ್ಲ. ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯ ಡಾ. ರಾಜೇಂದ್ರ ಬಡ್ವೆ ಮತ್ತು ಸಂಗಡಿಗರು ಭಾರತದ 11 ಕೇಂದ್ರಗಳಲ್ಲಿ 1,600 ಮಹಿಳೆಯರ ಮೇಲೆ ನಡೆಸಿದ ಅಧ್ಯಯನ 2023ರಲ್ಲಿ ಪ್ರಕಟವಾಯಿತು. ಗಂಟನ್ನು ತೆಗೆಯುವ ಕೆಲವೇ ನಿಮಿಷ ಮೊದಲು ಅದರ ಸುತ್ತ ಲಿಡೊಕೇನ್ ಚುಚ್ಚಿದರು. ಹಲ್ಲು ಕೀಳುವಾಗ ಕೊಡುವ ಅದೇ ಅಗ್ಗದ ಮದ್ದು. ಐದು ವರ್ಷದ ಬಳಿಕ ಚುಚ್ಚಿಸಿಕೊಂಡವರಲ್ಲಿ ಬದುಕಿದ್ದವರು ಶೇ 90.1, ಉಳಿದವರಲ್ಲಿ ಶೇ 86.4. ಬೇರೆಡೆಯೂ ಇದೇ ಫಲಿತಾಂಶ ಬರಬೇಕೆಂದು ಕೇಳುವ ತಜ್ಞರಿದ್ದಾರೆ. ಆ ಚರ್ಚೆ ಜಿಲ್ಲಾ ಸರ್ಜನ್‌ಗಳ ನಡುವೆಯೂ ಆಗಬೇಕು.

ಅದೇ ಸಂಸ್ಥೆಯ ಇನ್ನೊಂದು ಅಧ್ಯಯನ ಇನ್ನೂ ದೊಡ್ಡದು. ಮುಂಬೈನ ಒಂದೂವರೆ ಲಕ್ಷ ಮಹಿಳೆಯರು, 20 ವರ್ಷ. ಅವರ ಸ್ತನ ಪರೀಕ್ಷಿಸಿದವರು ಡಾಕ್ಟರುಗಳಲ್ಲ, ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು. ಯಂತ್ರವಿಲ್ಲ, ಬರೀ ಕೈ. 2021ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಪರೀಕ್ಷೆಗೆ ಒಳಪಟ್ಟವರಲ್ಲಿ ರೋಗ ಮುಂಚಿನ ಹಂತದಲ್ಲೇ ಪತ್ತೆಯಾಯಿತು. ಎಲ್ಲ ವಯಸ್ಸಿನವರನ್ನು ಒಟ್ಟು ನೋಡಿದಾಗ ಸಾವಿನ ಇಳಿಕೆ ಖಚಿತವಾಗಿ ಹೇಳುವಷ್ಟಿರಲಿಲ್ಲ. 50 ದಾಟಿದವರಲ್ಲಿ ಮಾತ್ರ ಸುಮಾರು ಶೇ 30ರಷ್ಟು ಇಳಿದಿತ್ತು. ಆಶಾ ಕಾರ್ಯಕರ್ತೆಗೆ, ಆರೋಗ್ಯ ಸಹಾಯಕಿಗೆ (ಎಎನ್‌ಎಂ) ಚೆನ್ನಾಗಿ ಕಲಿಸಿದರೆ ಏನಾಗಬಲ್ಲದು ಎಂಬುದಕ್ಕೆ ಇದಕ್ಕಿಂತ ಪುರಾವೆ ಬೇಕೆ?

ಬೆಂಗಳೂರಿನ ಪಾಲು

▪ 1973ರಲ್ಲಿ ಆರಂಭವಾದ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ 1982ರಿಂದ ಬೆಂಗಳೂರಿನ ಕ್ಯಾನ್ಸರ್ ನೋಂದಣಿ ನಡೆಸುತ್ತಿದೆ. ರಾಷ್ಟ್ರೀಯ ಕ್ಯಾನ್ಸರ್ ನೋಂದಣಿಯ ಮೊದಲ ಕೇಂದ್ರಗಳಲ್ಲಿ ಇದೂ ಒಂದು.

▪ ಹರ್-2 ಬಗೆಯ ಕ್ಯಾನ್ಸರಿಗೆ ಟ್ರಾಸ್ಟುಜುಮ್ಯಾಬ್ ಔಷಧಿ ಅಮೆರಿಕದಲ್ಲಿ 1998ರಲ್ಲಿ ಬಂತು, ಬೆಲೆ ಕೈಗೆಟುಕುತ್ತಿರಲಿಲ್ಲ. ಬೆಂಗಳೂರಿನ ಬಯೋಕಾನ್ 2014ರಲ್ಲಿ ಅದರ ಬಯೋಸಿಮಿಲರ್ ಅನ್ನು ಭಾರತದ ಮಾರುಕಟ್ಟೆಗೆ ತಂದಿತು. 2017ರಲ್ಲಿ ಬಯೋಕಾನ್ ಮತ್ತು ಮೈಲಾನ್ ಕಂಪನಿಗಳ ಔಷಧಿಗೆ ಅಮೆರಿಕದ ಒಪ್ಪಿಗೆಯೂ ಸಿಕ್ಕಿತು. ಟ್ರಾಸ್ಟುಜುಮ್ಯಾಬ್‌ನ ಬಯೋಸಿಮಿಲರ್‌ಗೆ ಅಲ್ಲಿ ಅದೇ ಮೊದಲ ಒಪ್ಪಿಗೆ.

▪ ಕೀಮೊ ಯಾರಿಗೆ ಬೇಕು, ಯಾರಿಗೆ ಬೇಡ ಎಂದು ಅಂದಾಜಿಸುವ ‘ಕ್ಯಾನ್‌ಅಸಿಸ್ಟ್ ಬ್ರೆಸ್ಟ್’ ಪರೀಕ್ಷೆ ಬೆಂಗಳೂರಿನ ಆಂಕೋಸ್ಟೆಮ್ ಡಯಾಗ್ನೋಸ್ಟಿಕ್ಸ್ ರೂಪಿಸಿದ್ದು.

ಬೆರಳಿಗೆ ಕಲಿಸುವುದು

ಕೈಪರೀಕ್ಷೆ ಸುಲಭವೆಂದು ತೋರುತ್ತದೆ. ತರಬೇತಿ ಶಿಬಿರದ ಮೇಜಿನ ಮೇಲೆ ಸಿಲಿಕಾನ್ ಸ್ತನದ ಮಾದರಿಗಳನ್ನಿಟ್ಟು ‘ಗಂಟು ಹುಡುಕಿ’ ಎಂದಾಗ ಅದರ ಕಷ್ಟ ಗೊತ್ತಾಗುತ್ತದೆ. ಅಂಗೈಯಿಂದ ಸವರಿದವರಿಗೆ ಏನೂ ಸಿಗುವುದಿಲ್ಲ. ಚಿವುಟಿ ನೋಡಿದವರಿಗೆ ಎಲ್ಲವೂ ಗಂಟೇ.

ಸರಿಯಾದ ಕ್ರಮ ಇದು. ತೋರು, ನಡು, ಉಂಗುರ ಬೆರಳುಗಳನ್ನು ಜೋಡಿಸಿ, ತುದಿಯನ್ನು ಬಿಟ್ಟು ಬೆರಳಿನ ಮೆತ್ತೆಯಿಂದ ಒತ್ತಬೇಕು. ಒಂದೇ ಜಾಗದಲ್ಲಿ ಪುಟ್ಟ ವೃತ್ತ ಬರೆದಂತೆ ಮೂರು ಸಲ ತಿರುಗಿಸಬೇಕು: ಮೊದಲು ಹಗುರಾಗಿ, ಆಮೇಲೆ ತುಸು ಒತ್ತಿ, ಕೊನೆಗೆ ಪಕ್ಕೆಲುಬು ತಾಗುವಷ್ಟು ಆಳಕ್ಕೆ. ಕಂಕುಳಿನಿಂದ ಶುರುಮಾಡಿ ಮೇಲಿಂದ ಕೆಳಕ್ಕೆ, ಕೆಳಗಿಂದ ಮೇಲಕ್ಕೆ, ಉಳುಮೆಯ ಸಾಲಿನಂತೆ ಒಂದಕ್ಕೊಂದು ತಾಗಿಸಿ ಸಾಗಬೇಕು. ಸಾಲು ತಪ್ಪಿದರೆ ಗಂಟು ತಪ್ಪುತ್ತದೆ.

ಇದು ಭಾಷಣ ಕೇಳಿ ಬರುವ ವಿದ್ಯೆಯಲ್ಲ. ಟೊರಾಂಟೊ ವಿಶ್ವವಿದ್ಯಾಲಯದ ಡೇವ್ ಡೇವಿಸ್ ಮತ್ತು ಸಂಗಡಿಗರು 1999ರಲ್ಲಿ ವೈದ್ಯರ ಮುಂದುವರಿದ ಶಿಕ್ಷಣದ ಅಧ್ಯಯನಗಳನ್ನೆಲ್ಲ ಜಾಲಾಡಿ ಹೇಳಿದ್ದೂ ಅದನ್ನೇ: ಕುಳಿತು ಕೇಳುವ ಉಪನ್ಯಾಸ ವೈದ್ಯರ ನಡವಳಿಕೆಯನ್ನು ಬದಲಿಸುವುದಿಲ್ಲ, ಕೈಯಾರೆ ಮಾಡಿ, ಪ್ರಶ್ನೆ ಕೇಳಿ, ಚರ್ಚಿಸಿ ಕಲಿತದ್ದು ಬದಲಿಸುತ್ತದೆ.

ಅಂದಿನ ಭಾರತೀಯ ವೈದ್ಯಕೀಯ ಮಂಡಳಿಯ 2002ರ ನಿಯಮ ಐದು ವರ್ಷಕ್ಕೆ ಕನಿಷ್ಠ 30 ಗಂಟೆಗಳ ಮುಂದುವರಿದ ಶಿಕ್ಷಣವನ್ನು ವೈದ್ಯರಿಂದ ಬಯಸಿತು. ವೈದ್ಯರು ಇದನ್ನು ‘ಸಿಎಂಇ’ ಎನ್ನುತ್ತಾರೆ. ಆದರೆ ಅದು ಎಷ್ಟೋ ಸಲ ಹೋಟೆಲಿನ ಸಭಾಂಗಣ, ಔಷಧಿ ಕಂಪನಿಯ ಪ್ರಾಯೋಜನೆ, ಸಾಲು ಸಾಲು ಸ್ಲೈಡು, ಊಟ, ಪ್ರಮಾಣಪತ್ರ ಇಷ್ಟಕ್ಕೇ ಮುಗಿಯುತ್ತದೆ. ಫಾರ್ಮಲಿನ್ ಡಬ್ಬಿಯ ಬಗ್ಗೆ ಯಾವ ಕಂಪನಿಯೂ ಸಿಎಂಇ ಏರ್ಪಡಿಸುವುದಿಲ್ಲ, ಅದರಲ್ಲಿ ಲಾಭವಿಲ್ಲ. ಹಾಗಾಗಿಯೇ ಈ ಹೊಣೆಯನ್ನು ಸರ್ಕಾರ, ವೈದ್ಯಕೀಯ ಕಾಲೇಜು, ವೈದ್ಯರ ಸಂಘಗಳು ಹೊರಬೇಕು.

ಕಣ್ಣಿಲ್ಲದವರ ಕಾಣುವ ಬೆರಳು

ಜರ್ಮನಿಯ ಸ್ತ್ರೀರೋಗ ತಜ್ಞ ಫ್ರಾಂಕ್ ಹಾಫ್‌ಮನ್ ಅವರ ‘ಡಿಸ್ಕವರಿಂಗ್ ಹ್ಯಾಂಡ್ಸ್’ ಯೋಜನೆ ದೃಷ್ಟಿಹೀನ ಮಹಿಳೆಯರಿಗೆ ಸ್ತನ ಪರೀಕ್ಷೆಯ ತರಬೇತಿ ಕೊಡುತ್ತದೆ. ಬ್ರೈಲ್ ಗುರುತುಗಳಿರುವ ಪಟ್ಟಿಗಳನ್ನು ಎದೆಗೆ ಅಂಟಿಸಿ, ಅದರ ಆಸರೆಯಲ್ಲಿ ಇಂಚಿಂಚೂ ಒತ್ತಿ ನೋಡುತ್ತಾರೆ. ಗಂಟು ಸಿಕ್ಕ ಜಾಗವನ್ನು ಕರಾರುವಾಕ್ಕಾಗಿ ಡಾಕ್ಟರಿಗೆ ತಿಳಿಸುತ್ತಾರೆ. ಭಾರತದಲ್ಲಿ ದೆಹಲಿಯಲ್ಲಿ ಈ ತರಬೇತಿ ನಡೆದಿದೆ, ಬೆಂಗಳೂರಿಗೂ ಕಾಲಿಟ್ಟಿದೆ.

ದೂರದ ಡಾಕ್ಟರು, ಒಂದೇ ಪರದೆ

ಜಿಲ್ಲಾಸ್ಪತ್ರೆಯ ಸರ್ಜನ್ನಿಗೆ ವರ್ಷಕ್ಕೆ ಬೆರಳೆಣಿಕೆಯ ಸ್ತನ ಕ್ಯಾನ್ಸರ್ ಬರಬಹುದು. ಗೊಂದಲವಾದಾಗ ಯಾರನ್ನು ಕೇಳಬೇಕು? ದೊಡ್ಡ ಆಸ್ಪತ್ರೆಯಲ್ಲಾದರೆ ‘ಟ್ಯೂಮರ್ ಬೋರ್ಡ್’ ಇರುತ್ತದೆ. ಸರ್ಜನ್, ಕೀಮೊ ತಜ್ಞ, ರೇಡಿಯೇಷನ್ ತಜ್ಞ, ಪೆಥಾಲಜಿಸ್ಟ್, ರೇಡಿಯಾಲಜಿಸ್ಟ್ ಒಟ್ಟಿಗೆ ಕುಳಿತು ಒಬ್ಬೊಬ್ಬ ರೋಗಿಯ ಬಗ್ಗೆ ವಾದಿಸಿ ತೀರ್ಮಾನಿಸುತ್ತಾರೆ.

ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿ ಭಾರತ ಮೂಲದ ಡಾ. ಸಂಜೀವ್ ಅರೋರಾ 2003ರಲ್ಲಿ ‘ಪ್ರಾಜೆಕ್ಟ್ ಎಕೋ’ ಆರಂಭಿಸಿದರು. ಹಳ್ಳಿಯ ವೈದ್ಯರು ತಮ್ಮ ರೋಗಿಯ ವಿವರವನ್ನು ವಿಡಿಯೊ ಮೂಲಕ ತಜ್ಞರ ಮುಂದಿಡುತ್ತಾರೆ. ಒಬ್ಬರ ಪ್ರಶ್ನೆ ಹತ್ತಾರು ವೈದ್ಯರಿಗೆ ಪಾಠ. ಅವರು ಹೆಪಟೈಟಿಸ್-ಸಿ ಕಾಯಿಲೆಯಿಂದ ಶುರು ಮಾಡಿದರು. ಹೀಗೆ ಕಲಿತ ಹಳ್ಳಿ ವೈದ್ಯರ ಚಿಕಿತ್ಸೆ ವಿಶ್ವವಿದ್ಯಾಲಯದ ತಜ್ಞರ ಚಿಕಿತ್ಸೆಯಷ್ಟೇ ಫಲ ಕೊಟ್ಟಿತೆಂದು 2011ರಲ್ಲಿ ಸಾಬೀತಾಯಿತು. ನಮ್ಮಲ್ಲಿ 2012ರಲ್ಲಿ ರೂಪುಗೊಂಡ ರಾಷ್ಟ್ರೀಯ ಕ್ಯಾನ್ಸರ್ ಗ್ರಿಡ್ 300ಕ್ಕೂ ಹೆಚ್ಚು ಕೇಂದ್ರಗಳನ್ನು ಬೆಸೆದಿದೆ. ಅದರ ಆನ್‌ಲೈನ್ ಟ್ಯೂಮರ್ ಬೋರ್ಡ್‌ಗಳಲ್ಲಿ ದೂರದೂರಿನ ವೈದ್ಯರೂ ಕೂರಬಹುದು. ಕೂರಲು ಬಿಡುವು ಮಾಡಿಕೊಡುವವರು ಬೇಕು.

ಜ್ವರ, ಮತ್ತು ಒಂದು ಮಾತು

ಕೀಮೊ ಮುಗಿಸಿ ಊರಿಗೆ ಬಂದ ಹತ್ತನೇ ದಿನಕ್ಕೆ ಹೆಂಗಸಿಗೆ ಜ್ವರ. ಪಕ್ಕದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗುತ್ತಾರೆ. ಪ್ಯಾರಾಸಿಟಮಾಲ್ ಕೊಟ್ಟು ‘ನಾಳೆ ಬನ್ನಿ’ ಎಂದರೆ ನಾಳೆ ಇಲ್ಲದೆಯೂ ಹೋಗಬಹುದು. ಆ ದಿನಗಳಲ್ಲಿ ಬಿಳಿ ರಕ್ತಕಣಗಳು ಪಾತಾಳಕ್ಕಿಳಿದಿರುತ್ತವೆ, ಸೋಂಕು ಗಂಟೆಗಳಲ್ಲಿ ಮೈಯೆಲ್ಲ ಆವರಿಸುತ್ತದೆ. ತಕ್ಷಣ ರಕ್ತಪರೀಕ್ಷೆ, ತಡಮಾಡದೆ ನರಕ್ಕೆ ಆ್ಯಂಟಿಬಯಾಟಿಕ್. ಇಷ್ಟು ತಿಳಿದ ಯುವ ವೈದ್ಯಾಧಿಕಾರಿ ಕ್ಯಾನ್ಸರ್ ತಜ್ಞರಷ್ಟೇ ದೊಡ್ಡ ಕೆಲಸ ಮಾಡುತ್ತಾರೆ.

ಮಾತೂ ಚಿಕಿತ್ಸೆಯ ಭಾಗವೇ. ‘ಅಮ್ಮನಿಗೆ ಹೇಳ್ಬೇಡಿ ಸಾರ್, ತಡ್ಕೊಳಲ್ಲ’ ಎಂದು ಮಗ ಬಾಗಿಲಲ್ಲೇ ಕೈಮುಗಿಯುತ್ತಾನೆ. ತರಬೇತಿಯಿಲ್ಲದ ಡಾಕ್ಟರು ಒಂದೋ ಮಗನ ಮಾತಿಗೆ ಒಪ್ಪಿ ಸುಮ್ಮನಾಗುತ್ತಾರೆ, ಇಲ್ಲವೇ ರಿಪೋರ್ಟನ್ನು ಓದಿ ಹೇಳಿ ಮುಗಿಸುತ್ತಾರೆ. ಕಲಿತವರು ಕುರ್ಚಿ ಹತ್ತಿರಕ್ಕೆಳೆದು ಕೂರುತ್ತಾರೆ. ‘ಅಮ್ಮಾ, ನಿಮಗೆ ಏನಾಗಿದೆ ಅಂತ ನಿಮಗೇ ಏನನ್ಸುತ್ತೆ? ಎಲ್ಲ ವಿವರ ನಿಮಗೇ ಹೇಳ್ಲಾ, ಮಗನೂ ಜೊತೆಗಿರ್ಲಾ?’ ಎಂದು ಕೇಳುತ್ತಾರೆ. ಕೆಟ್ಟ ಸುದ್ದಿ ಹೇಳುವುದಕ್ಕೆ ಕಲಿಸಬಹುದಾದ ಹೆಜ್ಜೆಗಳಿವೆ. 2000ರಲ್ಲಿ ಪ್ರಕಟವಾದ ‘ಸ್ಪೈಕ್ಸ್’ ವಿಧಾನ ಅಂಥದ್ದು. ಅದನ್ನು ನಮ್ಮ ಮನೆಗಳ ಮಾತಿನ ರೀತಿಗೆ ಒಗ್ಗಿಸಿ ಕನ್ನಡದಲ್ಲೇ ಅಭ್ಯಾಸ ಮಾಡಿಸಬೇಕು.

ಡಾಕ್ಟರನ್ನು ಕೇಳಿ, ಸಂಕೋಚ ಬೇಡ

▪ ಗಂಟು ತೆಗೆಯುವ ಮೊದಲು ಸೂಜಿ ಬಯಾಪ್ಸಿ ಮಾಡುತ್ತೀರಾ?

▪ ತುಣುಕನ್ನು ಫಾರ್ಮಲಿನ್‌ನಲ್ಲೇ ಹಾಕುತ್ತೀರಾ?

▪ ವರದಿಯಲ್ಲಿ ಇಆರ್, ಪಿಆರ್, ಹರ್-2 ಮೂರೂ ಬಂದಿವೆಯೇ?

▪ ಸ್ತನ ಉಳಿಸುವ ಆಪರೇಷನ್ ನನಗೆ ಆಗುತ್ತದೆಯೇ?

▪ ನನ್ನ ಚಿಕಿತ್ಸೆಯನ್ನು ಟ್ಯೂಮರ್ ಬೋರ್ಡ್‌ನಲ್ಲಿ ಚರ್ಚಿಸಿದ್ದೀರಾ?

ತಿರುಗಿ ಬರಬೇಕಾದ ಪತ್ರ

‘ಬಾಣಂತಿ, ಹಾಲು ಕಟ್ಟಿಕೊಂಡಿರಬೇಕು’, ‘ನೋವಿಲ್ಲವಲ್ಲ, ಬಿಡಿ’, ‘ಇನ್ನೂ ಮೂವತ್ತೈದು, ಈ ವಯಸ್ಸಿಗೆ ಬರಲ್ಲ’. ಈ ಮೂರು ಮಾತುಗಳು ತಿಂಗಳುಗಟ್ಟಲೆ ಕಾಲವನ್ನು ನುಂಗಿವೆ. ನೋವಿಲ್ಲದ ಗಂಟೇ ಹೆಚ್ಚು ಅನುಮಾನದ್ದು. ನಮ್ಮ ದೇಶದಲ್ಲಿ ಈ ರೋಗ ಪಶ್ಚಿಮಕ್ಕಿಂತ ಸುಮಾರು ಹತ್ತು ವರ್ಷ ಮುಂಚೆಯೇ ಬರುತ್ತದೆ.

ಹೀಗೆಂದವರಿಗೆ ತಾವು ತಪ್ಪಿದ್ದು ಗೊತ್ತಾಗುವುದೇ ಇಲ್ಲ. ರೋಗಿ ಬೇರೆಡೆಗೆ ಹೋಗಿರುತ್ತಾರೆ. ದೊಡ್ಡ ಆಸ್ಪತ್ರೆ ಚಿಕಿತ್ಸೆ ಕೊಡುತ್ತದೆ, ಮೊದಲು ನೋಡಿದ ಡಾಕ್ಟರಿಗೆ ಒಂದು ಸಾಲೂ ಬರೆಯುವುದಿಲ್ಲ.

ಆ ಪತ್ರ ಶುರುವಾಗಲಿ. ‘ನೀವು ಕಳಿಸಿದ ರೋಗಿಗೆ ಇಂಥ ಕ್ಯಾನ್ಸರ್. ಬಯಾಪ್ಸಿ ಚೆನ್ನಾಗಿ ಬಂದಿತ್ತು’ ಅಥವಾ ‘ತುಣುಕು ಕೆಟ್ಟಿತ್ತು, ಮುಂದೆ ಹೀಗೆ ಮಾಡಿ. ಕೀಮೊ ನಡೆಯುತ್ತಿದೆ, ಜ್ವರ ಬಂದರೆ ಈ ಸಂಖ್ಯೆಗೆ ಕರೆ ಮಾಡಿ’. ದೂಷಣೆಯಿಲ್ಲದ ನಾಲ್ಕು ಸಾಲು ಸಾಕು. ಅದರ ಜೊತೆಗೆ ವರ್ಷಕ್ಕೊಮ್ಮೆ ಪ್ರತಿ ಜಿಲ್ಲೆಯಲ್ಲೂ ಕೈಯಾರೆ ಮಾಡಿ ಕಲಿಯುವ ಶಿಬಿರ, ನರ್ಸು ಮತ್ತು ಆಶಾ ಕಾರ್ಯಕರ್ತೆಯರಿಗೆ ಕನ್ನಡದ ಪಾಠ, ಕಲಿಯಲು ಹೋದ ವೈದ್ಯಾಧಿಕಾರಿಯ ಜಾಗಕ್ಕೆ ಬದಲಿ ಡಾಕ್ಟರು, ಕಂಪನಿಯ ಹಂಗಿಲ್ಲದ ಹಣ ಬೇಕು. ಹೊಸ ಕಟ್ಟಡ, ಕೋಟಿಯ ಯಂತ್ರ ಬೇಡುವ ಕೆಲಸಗಳಲ್ಲ ಇವು.

ಗುಲಾಬಿ ರಿಬ್ಬನ್ ಕಟ್ಟಿ ‘ಪರೀಕ್ಷಿಸಿಕೊಳ್ಳಿ’ ಎಂದು ಹೆಣ್ಣುಮಕ್ಕಳಿಗೆ ಪ್ರತಿ ಅಕ್ಟೋಬರ್‌ನಲ್ಲೂ ಹೇಳುತ್ತೇವೆ. ಅವರು ನಮ್ಮ ಮಾತು ನಂಬಿ, ಸಂಕೋಚ ಬಿಟ್ಟು ಕ್ಲಿನಿಕ್ಕಿನ ಮೆಟ್ಟಿಲು ಹತ್ತಿದಾಗ ಅಲ್ಲಿರುವವರು ಈ ವರ್ಷದ ಪಾಠ ಓದಿಕೊಂಡಿರಬೇಕು. ಅಷ್ಟನ್ನು ಖಾತ್ರಿಪಡಿಸುವುದು ಸರ್ಕಾರದ ಮತ್ತು ವೈದ್ಯ ಸಮುದಾಯದ ಹೊಣೆ. ಅದನ್ನು ಕೇಳಿ ಪಡೆಯುವುದು ನಮ್ಮೆಲ್ಲರ ಹಕ್ಕು.